ಇಸ್ತ್ರಿ ಗೆರೆ ಎಲ್ಲಿ ಹೋಯಿತು?

ಹಾಸನದ ಯಾವುದಾದರೂ ಕಲ್ಯಾಣ ಮಂಟಪದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತ ಹಿರಿಯರ ಪಕ್ಕ ಐದು ನಿಮಿಷ ಕೂತು ನೋಡಿ. ಮಳೆ, ಕಾಫಿ ರೇಟು, ಆನೆ ಕಾಟ ಎಲ್ಲ ಮುಗಿದ ಮೇಲೆ ಮಾತು ಬಟ್ಟೆಗೆ ಬಂದೇ ಬರುತ್ತದೆ. "ನೋಡೋ ಅಲ್ಲಿ, ಮದುವೆಗೆ ಟೀ ಶರ್ಟ್ ಹಾಕ್ಕೊಂಡು ಬಂದಿದಾನೆ. ನಮ್ಮ ಕಾಲದಲ್ಲಾಗಿದ್ರೆ ನಮ್ಮಪ್ಪ ಬಾಗಿಲಿಂದಲೇ ವಾಪಸ್ ಕಳಿಸ್ತಿದ್ರು!" ಸುತ್ತ ಇದ್ದವರೆಲ್ಲ ತಲೆಯಾಡಿಸುತ್ತಾರೆ. ಟೀ ಶರ್ಟಿನ ಹುಡುಗ ಅಷ್ಟರಲ್ಲಿ ಬಾಳೆಲೆ ಮುಂದೆ ಕೂತಾಗಿರುತ್ತದೆ.

ಈ ದೂರು ಪೂರ್ತಿ ಸುಳ್ಳೇನಲ್ಲ. ಗಂಜಿ ಹಾಕಿದ ಪಂಚೆ ಕಮ್ಮಿಯಾಗಿದೆ. ತೋಳಿನ ಮೇಲೆ ನೆಟ್ಟಗೆ ಇಳಿಯುವ ಇಸ್ತ್ರಿ ಗೆರೆ ಕಮ್ಮಿಯಾಗಿದೆ. ಆದರೆ ಬದಲಾಗಿದ್ದು ಜನರ ಶಿಸ್ತೋ, ಬಟ್ಟೆಯೊಳಗಿನ ನೂಲೋ? ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ನೂಲು ಅಂತಲೇ ಹೇಳುತ್ತೇನೆ.

ಹತ್ತಿ ಬಟ್ಟೆ ಯಾಕೆ ಸುಕ್ಕಾಗುತ್ತದೆ ಎಂಬಲ್ಲಿಂದ ಶುರು ಮಾಡೋಣ. ಹತ್ತಿಯ ಎಳೆ ಹೆಚ್ಚೂಕಮ್ಮಿ ಪೂರ್ತಿ ಸೆಲ್ಯುಲೋಸ್. ಅಂದರೆ ಸಾವಿರಾರು ಗ್ಲೂಕೋಸ್ ಘಟಕಗಳು ಒಂದರ ಹಿಂದೊಂದು ಕೂಡಿಕೊಂಡ ಉದ್ದ ಸರಪಳಿಗಳು. ಅಕ್ಕಪಕ್ಕದ ಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿರುತ್ತವೆ. ಒಂದೊಂದು ಬಂಧವೂ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು ಇವೆ. ಜಾತ್ರೆಯ ನೂಕುನುಗ್ಗಲಲ್ಲಿ ಕೈ ಕೈ ಹಿಡಿದುಕೊಂಡ ಜನರನ್ನು ನೆನೆಸಿಕೊಳ್ಳಿ. ಜೋರಾಗಿ ನೂಕಿದರೆ ಕೈ ಬಿಟ್ಟುಹೋಗುತ್ತದೆ, ಮರುಕ್ಷಣ ಪಕ್ಕದಲ್ಲಿ ಯಾರು ಸಿಕ್ಕರೆ ಅವರ ಕೈ ಹಿಡಿಯುತ್ತಾರೆ. ನೀವು ಬಸ್ಸಿನ ಸೀಟಿನಲ್ಲಿ ಒರಗಿ ಕೂತಾಗ ಶರ್ಟಿನ ಬೆನ್ನಿನಲ್ಲಿ ಇದೇ ನಡೆಯುತ್ತದೆ. ಬಾಗಿದ ಕಡೆ ಹಳೇ ಬಂಧ ಬಿಡುತ್ತದೆ, ಬಾಗಿದ ಸ್ಥಿತಿಯಲ್ಲೇ ಹೊಸ ಬಂಧ ಕೂಡುತ್ತದೆ. ಅದೇ ಸುಕ್ಕು.

ಇದಕ್ಕೆಲ್ಲ ಸಹಾಯ ಮಾಡುವುದು ನೀರು. ಒಣಗಿದ ಸೆಲ್ಯುಲೋಸ್ ಮೆತ್ತಗಾಗಲು 200 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖ ಬೇಕು. ನೀರಿನ ಕಣಗಳು ಸರಪಳಿಗಳ ನಡುವೆ ನುಸುಳಿದರೆ ಸಾಧಾರಣ ಶಾಖದಲ್ಲೇ ಅದು ಸಡಿಲವಾಗುತ್ತದೆ. ಬೆವರಿದ ಬೆನ್ನಿನ ಕಡೆಯೇ ಶರ್ಟು ಮೊದಲು ಮುದುರುವುದು ಇದಕ್ಕೇ.

ಇಸ್ತ್ರಿ ಅಂದರೆ ಇದನ್ನೇ ಬೇಕೆಂದು ಮಾಡುವುದು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡ ಗಾಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಅರಸೀಕೆರೆ ಸೀಮೆಯ ತೆಂಗಿನ ಕರಟ ಸುಟ್ಟ ಇದ್ದಿಲು ಸಿಕ್ಕರೆ ಭಾಗ್ಯ, ಕೆಂಡ ಬೇಗ ಆರುವುದಿಲ್ಲ. ಮುಚ್ಚಳ ತೆಗೆದು, ಬೂದಿ ಊದಿ, ಪೆಟ್ಟಿಗೆಯನ್ನು ಒಮ್ಮೆ ಒದ್ದೆ ಬಟ್ಟೆಯ ಮೇಲೆ ಎಳೆಯುತ್ತಾರೆ. ಚುಂಯ್ ಎನ್ನುವ ಸದ್ದಿನಲ್ಲೇ ಶಾಖ ಎಷ್ಟಿದೆ ಅಂತ ಗೊತ್ತಾಗುತ್ತದೆ. ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಬಾಟಲಿಯಿಂದ ಶರ್ಟಿಗೆ ನೀರು ಚಿಮುಕಿಸುತ್ತಾರೆ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ನೀರು ಬಂಧ ಬಿಡಿಸಿತು, ಶಾಖ ಸರಪಳಿಗಳನ್ನು ಅಲುಗಾಡಿಸಿತು, ಐದಾರು ಕೆಜಿ ತೂಕದ ಪೆಟ್ಟಿಗೆ ಅವನ್ನು ಸಪಾಟಾಗಿ ಒತ್ತಿತು. ನೀರು ಆವಿಯಾಗಿ ಹೋದ ಮೇಲೆ ಬಂಧಗಳು ಆ ಸಪಾಟು ಸ್ಥಿತಿಯಲ್ಲೇ ಕೂಡಿಕೊಂಡವು. ಬಿಸಿಬಿಸಿ ಶರ್ಟನ್ನು ಕೂಡಲೇ ಹಾಕಿಕೊಂಡು ಹೊರಟರೆ ಮತ್ತೆ ಮುದುರುವುದೂ ಇದರಿಂದಲೇ. ಒಳಗೆ ಇನ್ನೂ ಶಾಖ, ತೇವ ಉಳಿದಿರುತ್ತದೆ.

ಗಂಜಿಯ ಕೆಲಸ ಬೇರೆ. ಅನ್ನ ಬಸಿದ ಗಂಜಿಯ ಪಿಷ್ಟ ನೂಲಿನ ಮೇಲೆ ತೆಳ್ಳಗೆ ಪೊರೆಯಂತೆ ಕೂತು ಬಟ್ಟೆಯನ್ನು ಬಿರುಸು ಮಾಡುತ್ತದೆ. ಇನ್ನೊಂದು ಲಾಭವೂ ಇದೆ. ಕೊಳೆ ನೂಲಿಗೆ ಹತ್ತದೆ ಪಿಷ್ಟಕ್ಕೆ ಹತ್ತುತ್ತದೆ, ಒಗೆದಾಗ ಅದರ ಜೊತೆಗೇ ಹೋಗುತ್ತದೆ. ನೀಲಿ ಹಾಕುವುದು ಕಣ್ಣಿಗೆ ಮಾಡುವ ಮೋಸ. ಹಳದಿಗೆ ತಿರುಗಿದ ಬಿಳಿ ಬಟ್ಟೆಗೆ ಚೂರು ನೀಲಿ ಸೇರಿಸಿದರೆ ಹಳದಿ ಕಾಣಿಸುವುದಿಲ್ಲ.

ಈ ಕೆಲಸಗಳನ್ನೆಲ್ಲ ಯಾರು ಮಾಡುತ್ತಿದ್ದರು? ಮಂಟಪದಲ್ಲಿ ಕೂತವರು ಇದನ್ನು ಯಾಕೋ ನೆನೆಸಿಕೊಳ್ಳುವುದಿಲ್ಲ. ಮನೆಯ ಹೆಂಗಸರು ಗಂಜಿ ಕಾಯಿಸುತ್ತಿದ್ದರು. ಮಡಿವಾಳರು ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆ ಹಾಕಿ ಆವಿಯಲ್ಲಿ ಬೇಯಿಸಿ, ಹೊಳೆಯ ಕಲ್ಲಿಗೆ ಒಗೆಯುತ್ತಿದ್ದರು. ಚೌಳಿನಲ್ಲಿ ಸೋಡಿಯಂ ಕಾರ್ಬೋನೇಟ್ ಇರುತ್ತದೆ. ಅದರ ಕ್ಷಾರಕ್ಕೆ ಬಿಸಿ ಸೇರಿದರೆ ಬಟ್ಟೆಯ ಜಿಡ್ಡು ಒಂದು ಬಗೆಯ ಸೋಪಾಗಿ ಮಾರ್ಪಟ್ಟು ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ಒಳ್ಳೇ ರಸಾಯನ ವಿಜ್ಞಾನವೇ ಹೌದು, ಆದರೆ ಕೈ ಸುಡುವ, ಸೊಂಟ ಮುರಿಯುವ ಕೆಲಸ. ಒಬ್ಬರ ಬಿಳಿ ಪಂಚೆಯ ಹಿಂದೆ ಇನ್ನೊಬ್ಬರ ಅರ್ಧ ದಿನ ಇರುತ್ತಿತ್ತು.

ಅದಕ್ಕೇ ಆ ಗೆರೆಗೆ ಅಷ್ಟು ಬೆಲೆ. 1975ರಲ್ಲಿ ಇಸ್ರೇಲಿನ ಜೀವವಿಜ್ಞಾನಿ ಅಮೋಟ್ಸ್ ಜಹಾವಿ ನವಿಲಿನ ಬಾಲದಂಥ ಲಕ್ಷಣಗಳ ಬಗ್ಗೆ ಒಂದು ವಾದ ಮುಂದಿಟ್ಟರು. ದುಬಾರಿಯಾದ ಸಂಕೇತವನ್ನೇ ನಂಬಬಹುದು, ಯಾಕೆಂದರೆ ಕೈಲಾಗದವನು ಅದನ್ನು ಹೊತ್ತು ತಿರುಗಲಾರ. ಇಸ್ತ್ರಿ ಗೆರೆಯೂ ಅಂಥದ್ದೇ ಸಂಕೇತ. ನನಗೆ ಸಮಯ ಇದೆ, ಇಲ್ಲವೇ ನನಗಾಗಿ ದುಡಿಯುವವರಿದ್ದಾರೆ, ನಿಮ್ಮ ಮನೆ ಮದುವೆಗೆ ಅಷ್ಟು ಖರ್ಚು ಮಾಡಿ ಬಂದಿದ್ದೇನೆ ಎಂದು ಅದು ಬಾಯಿಬಿಡದೇ ಹೇಳುತ್ತಿತ್ತು.

ಆ ಸಂಕೇತವನ್ನು ಕೆಡಿಸಿದ್ದು ಪಾಲಿಯೆಸ್ಟರ್. 1941ರಲ್ಲಿ ಇಂಗ್ಲೆಂಡಿನ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನೆಂಟ್ ಡಿಕ್ಸನ್ ಇದರ ನಾರನ್ನು ಮೊದಲು ತಯಾರಿಸಿದರು. ಟೆರಿಲಿನ್ ಎಂಬ ಹೆಸರಿನಲ್ಲಿ ಅದು ನಮ್ಮ ಕಡೆಗೆ ಬಂದಾಗ ಭಾರೀ ಮರ್ಯಾದೆ! ಅದಕ್ಕೆ ಹತ್ತಿ ಬೆರೆಸಿದ ಟೆರಿಕಾಟ್ ಬಟ್ಟೆಯ ಪ್ಯಾಂಟ್ ಹೊಲಿಸಿದವನು ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ. ಇವತ್ತು ಪಾಲಿಯೆಸ್ಟರ್ ಎಂದರೆ ಮೂಗು ಮುರಿಯುವವರಿಗೆ ಇದನ್ನು ನಂಬುವುದೇ ಕಷ್ಟ.

ಹತ್ತಿಗೂ ಪಾಲಿಯೆಸ್ಟರಿಗೂ ಇರುವ ಮುಖ್ಯ ವ್ಯತ್ಯಾಸ ನೀರಿನದ್ದು. ಗಾಳಿಯಲ್ಲಿ 65 ಪರ್ಸೆಂಟ್ ತೇವ ಇರುವಾಗ ಹತ್ತಿ ತನ್ನ ತೂಕದ ಸುಮಾರು ಎಂಟು ಪರ್ಸೆಂಟಿನಷ್ಟು ನೀರು ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಹೀರುವುದಿಲ್ಲ. ನೀರು ಒಳಗೆ ಹೋಗದಿದ್ದರೆ ಸರಪಳಿ ಸಡಿಲವಾಗುವುದಿಲ್ಲ. ಪಾಲಿಯೆಸ್ಟರ್ ಮೆತ್ತಗಾಗಲು ಶುರುವಾಗುವುದು 70-80 ಡಿಗ್ರಿ ಸೆಲ್ಸಿಯಸ್ ಹತ್ತಿರ. ಅಷ್ಟು ಬಿಸಿ ಯಾರ ಮೈಯೂ ಇರುವುದಿಲ್ಲ, ಅಲ್ವಾ? ಹಾಗಾಗಿ ಇಡೀ ದಿನ ಹಾಕಿಕೊಂಡರೂ ಅದು ಮುದುರುವುದಿಲ್ಲ. ಫ್ಯಾಕ್ಟರಿಯಲ್ಲಿ ಬಿಸಿ ಮಾಡಿ ಒಮ್ಮೆ ಕೂರಿಸಿದ ಗೆರೆ ಒಗೆದರೂ ಹೋಗುವುದಿಲ್ಲ.

ಟೀ ಶರ್ಟಿನ ಕತೆ ನೂಲಿಗಿಂತ ಹೆಣಿಗೆಯದ್ದು. ಶರ್ಟಿನ ಬಟ್ಟೆಯನ್ನು ಹಾಸು ಹೊಕ್ಕು ನೇಯ್ದಿರುತ್ತಾರೆ, ನೂಲುಗಳು ಬಿಗಿಯಾಗಿ ಕಟ್ಟಿಹಾಕಿಕೊಂಡಿರುತ್ತವೆ. ಟೀ ಶರ್ಟಿನಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದಿರುತ್ತದೆ. ಎಳೆದರೆ ಕುಣಿಕೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ, ಎಳೆ ಬಾಗುವ ಅಗತ್ಯವೇ ಕಮ್ಮಿ. ಜೊತೆಗೆ 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ಸ್ಪ್ಯಾಂಡೆಕ್ಸ್ ಎಂಬ ರಬ್ಬರಿನಂತೆ ಹಿಗ್ಗುವ ನೂಲು ಬೇರೆ ಬಂತು. ಜೀನ್ಸು, ಲೆಗ್ಗಿಂಗ್ಸ್ ಮೈಗೆ ತಕ್ಕಂತೆ ಹಿಗ್ಗುವುದು ಅದರಿಂದ. ಇಷ್ಟೆಲ್ಲ ಆದ ಮೇಲೆ ಇಸ್ತ್ರಿ ಗಾಡಿಗೆ ಗಿರಾಕಿ ಕಮ್ಮಿಯಾಗದೆ ಇರುತ್ತಾರಾ?

ಮಲೆನಾಡಿನಲ್ಲಂತೂ ಈ ಬದಲಾವಣೆಗೆ ಇನ್ನೊಂದು ಬಲವಾದ ಕಾರಣ ಇತ್ತು. ಚಿಕ್ಕಮಗಳೂರು ಜಿಲ್ಲೆಯ ಕಡೂರಿನಲ್ಲಿ ಬೆಳಿಗ್ಗೆ ಒಗೆದ ಪಂಚೆ ಮಧ್ಯಾಹ್ನಕ್ಕೆ ಗರಿಗರಿ. ಅದೇ ಜಿಲ್ಲೆಯ ಮೂಡಿಗೆರೆಯಲ್ಲಿ ಜುಲೈ ತಿಂಗಳಲ್ಲಿ ಒಗೆದರೆ ದಿನಗಟ್ಟಲೆ ಹಸಿ. ಹಾಸನ ಜಿಲ್ಲೆಯಲ್ಲಿ ಅರಸೀಕೆರೆಗೂ ಸಕಲೇಶಪುರಕ್ಕೂ ಇದೇ ಅಂತರ. ಮಳೆಗಾಲದಲ್ಲಿ ಅಡುಗೆಮನೆಯ ಒಲೆ, ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಹರವುತ್ತಿದ್ದರು. ಸ್ಕೂಲಿನ ಬಿಳಿ ಶರ್ಟು ಕೆಂಚಗಾಗಿ, ಹೊಗೆ ವಾಸನೆ ಹೊತ್ತುಕೊಂಡೇ ತರಗತಿಗೆ ಬರುತ್ತಿತ್ತು. ಪಾಲಿಯೆಸ್ಟರ್ ನೀರು ಹೀರುವುದಿಲ್ಲವಾದ್ದರಿಂದ ಎರಡು ಸಲ ಕೊಡವಿದರೆ ಅರ್ಧ ಒಣಗಿದ ಹಾಗೆ. ಮಲೆನಾಡಿನ ತಾಯಂದಿರು ಅದನ್ನು ಒಪ್ಪಿಕೊಂಡಿದ್ದರಲ್ಲಿ ಆಶ್ಚರ್ಯವೇನಿದೆ?

ಇಲ್ಲೊಂದು ಕೊಕ್ಕೆ ಇದೆ. ಕಣ್ಣಿಗೆ ನೀಟಾಗಿ ಕಾಣುವ ಪಾಲಿಯೆಸ್ಟರ್ ಮೂಗಿಗೆ ಅಷ್ಟು ನೀಟಲ್ಲ. 2014ರಲ್ಲಿ ಬೆಲ್ಜಿಯಂನ ಸಂಶೋಧಕರು 26 ಜನರಿಗೆ ಸೈಕಲ್ ತುಳಿಯುವ ವ್ಯಾಯಾಮ ಮಾಡಿಸಿ, ಅವರ ಟೀ ಶರ್ಟುಗಳನ್ನು ಸಂಗ್ರಹಿಸಿ, ವಾಸನೆ ನೋಡುವವರಿಗೆ ಕೊಟ್ಟರು. (ಎಂಥೆಂಥ ಕೆಲಸಗಳಿವೆ ನೋಡಿ.) ಹತ್ತಿಗಿಂತ ಪಾಲಿಯೆಸ್ಟರ್ ಶರ್ಟುಗಳೇ ಜಾಸ್ತಿ ನಾರಿದವು. ಬೆವರಿನ ಎಣ್ಣೆಯಂಶ ಪಾಲಿಯೆಸ್ಟರಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಸುಖವಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಒಗೆದ ಬಟ್ಟೆಯೂ ಮುಗ್ಗಲು ನಾರುವುದಕ್ಕೆ ಬೇರೆಯದೇ ಜೀವಿ ಕಾರಣ. ಮನೆಯೊಳಗೆ ನಿಧಾನಕ್ಕೆ ಒಣಗುವ ಬಟ್ಟೆಯ ಈ ವಾಸನೆಯ ಬೆನ್ನು ಹತ್ತಿದ ಜಪಾನಿನ ವಿಜ್ಞಾನಿಗಳು 2012ರಲ್ಲಿ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದತ್ತ ಬೆರಳು ತೋರಿಸಿದರು. ಬಟ್ಟೆ ಎಷ್ಟು ಹೊತ್ತು ಹಸಿಯಾಗಿರುತ್ತದೋ ಅಷ್ಟು ಹೊತ್ತು ಅದಕ್ಕೆ ಹಬ್ಬ. ಒಲೆ ಮೇಲೆ ಬಟ್ಟೆ ಹರವಿದವರು ಬ್ಯಾಕ್ಟೀರಿಯಾದ ಹೆಸರು ಕೇಳಿರಲಿಲ್ಲ, ಆದರೆ ಅದಕ್ಕೆ ಸಮಯ ಕೊಡುತ್ತಿರಲಿಲ್ಲ.

ಮಲೆನಾಡಿನ ಅಸಲಿ ಮಳೆ ಉಡುಪು ಕಂಬಳಿ ಕೊಪ್ಪೆಯಾಗಿತ್ತು. ಕುರಿ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸಣ್ಣಗೆ ಶಾಖವನ್ನೂ ಬಿಡುತ್ತದೆ. ಚಳಿ ಮಳೆಯಲ್ಲಿ ಗದ್ದೆ ನಾಟಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಆದರೆ ಕೊಪ್ಪೆ ಹೊದ್ದವರನ್ನು ನೀಟಾಗಿ ಡ್ರೆಸ್ ಮಾಡಿಕೊಂಡವರು ಎಂದು ಯಾರೂ ಹೊಗಳಲಿಲ್ಲ.

'ನಮ್ಮ ಕಾಲದ' ಬಟ್ಟೆಯ ನೆನಪಿನಲ್ಲಿ ಇಂಥವೆಲ್ಲ ಸೋರಿ ಹೋಗಿರುತ್ತವೆ. ಹಳೇ ಫೋಟೋ ತೆಗೆದು ನೋಡಿ, ಎಲ್ಲರೂ ಟ್ರಿಮ್ಮಾಗಿ ಕಾಣುತ್ತಾರೆ. ಯಾಕೆಂದರೆ ಫೋಟೋ ತೆಗೆಸಿದ್ದೇ ಮದುವೆಯಲ್ಲಿ, ಇಲ್ಲವೇ ಸ್ಟುಡಿಯೋದಲ್ಲಿ. ಚಡ್ಡಿ ಬನಿಯನ್ನಿನಲ್ಲಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ತೋಟ ಸುತ್ತಿದ ಅಪ್ಪನ ಫೋಟೋ ಯಾರ ಹತ್ತಿರವೂ ಇಲ್ಲ. ಸೀರೆಯ ಮೇಲೆ ಗಂಡನ ಹಳೇ ಫುಲ್ ಶರ್ಟ್ ತೊಟ್ಟು, ತಲೆಗೆ ಬಟ್ಟೆ ಸುತ್ತಿ ಕಾಫಿ ಹಣ್ಣು ಬಿಡಿಸಿದ ಹೆಣ್ಣಾಳುಗಳ ಫೋಟೋ ಅಪರೂಪ. ಸಂಖ್ಯಾಶಾಸ್ತ್ರದವರು ಇದನ್ನು ಆಯ್ಕೆಯ ದೋಷ ಎನ್ನುತ್ತಾರೆ. ಬೇಲೂರಿನ ದರ್ಪಣ ಸುಂದರಿಯನ್ನು ನೋಡಿ, 12ನೇ ಶತಮಾನದಲ್ಲಿ ಎಲ್ಲ ಹೆಂಗಸರೂ ಅಷ್ಟೊಂದು ಒಡವೆ ಹೇರಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದರು ಎಂದು ತೀರ್ಮಾನಿಸಿದರೆ ಅದೂ ಇದೇ ದೋಷ. ಆಗ ಕಲ್ಲು ಹೊತ್ತವರು ಏನು ಉಟ್ಟಿದ್ದರೋ, ಅದನ್ನು ಯಾರೂ ಕೆತ್ತಲಿಲ್ಲ.

ನೆನಪಿನ ಇನ್ನೊಂದು ಚಾಳಿಯನ್ನು 2019ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಪ್ರೋಟ್ಸ್‌ಕೊ ಮತ್ತು ಜೋನಾಥನ್ ಸ್ಕೂಲರ್ ಹಿಡಿದು ತೋರಿಸಿದರು. ಚೆನ್ನಾಗಿ ಓದಿಕೊಂಡವರಿಗೆ ಈಗಿನ ಮಕ್ಕಳು ಓದುವುದಿಲ್ಲ ಎನಿಸುತ್ತದೆ. ಹಿರಿಯರ ಮಾತಿಗೆ ಬೆಲೆ ಕೊಡುವವರಿಗೆ ಈಗಿನ ಮಕ್ಕಳಿಗೆ ಹಿರಿಯರೆಂದರೆ ಲೆಕ್ಕವಿಲ್ಲ ಎನಿಸುತ್ತದೆ. ತಮಗೆ ಯಾವುದು ಚೆನ್ನಾಗಿ ಇದೆಯೋ, ಮಕ್ಕಳಲ್ಲಿ ಅದೇ ಕೆಟ್ಟಿದೆ ಎಂದು ಕಾಣುತ್ತದೆ. ಇವತ್ತಿನ ತಮ್ಮ ಗುಣವನ್ನು ತಮ್ಮ ಬಾಲ್ಯದ ಎಲ್ಲ ಮಕ್ಕಳಿಗೂ ಹಂಚಿ ನೆನೆಸಿಕೊಳ್ಳುವುದೇ ಇದಕ್ಕೆ ಒಂದು ಕಾರಣ ಎಂದು ಅವರ ವಾದ. ಅವರು ಬಟ್ಟೆಯ ಬಗ್ಗೆ ಕೇಳಲಿಲ್ಲ. ಆದರೆ ಮಂಟಪದಲ್ಲಿ ಜೋರಾಗಿ ದೂರುವವರ ಶರ್ಟನ್ನು ನೋಡಿ. ಮೋಸ್ಟ್‌ಲಿ ಅಲ್ಲಿರುವುದರಲ್ಲೇ ಚೆಂದದ ಇಸ್ತ್ರಿ ಅವರದ್ದೇ.

ಹಾಗಾದರೆ ಏನು ಹಾಕಿಕೊಂಡರೂ ನಡೆಯುತ್ತದಾ? ಅಷ್ಟು ಸಲೀಸಲ್ಲ. ಬಟ್ಟೆ ಹಾಕಿಕೊಂಡವರ ಬುದ್ಧಿಯೇ ಬದಲಾಗುತ್ತದೆ ಎಂಬ ಮಾತಿಗೆ ಆಧಾರ ಅಷ್ಟು ಗಟ್ಟಿಯಿಲ್ಲ. ಡಾಕ್ಟರ ಬಿಳಿ ಕೋಟು ತೊಟ್ಟರೆ ಗಮನ ಹೆಚ್ಚುತ್ತದೆ ಎಂದು 2012ರಲ್ಲಿ ಒಂದು ಅಧ್ಯಯನ ಹೇಳಿ ಹೆಸರು ಮಾಡಿತ್ತು. 2019ರಲ್ಲಿ ಬೇರೆ ತಂಡ ಅದರ ಮೊದಲ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರೆ ಅದೇ ಫಲ ಬರಲಿಲ್ಲ. ನೋಡುವವರ ಬುದ್ಧಿಯ ಮೇಲೆ ಬಟ್ಟೆಯ ಪ್ರಭಾವ ಮಾತ್ರ ಗಟ್ಟಿ. ಅದೇ 2019ರ ಕೊನೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಒಂದು ಅಧ್ಯಯನ ಪ್ರಕಟಿಸಿತು. ಮುಖದ ಫೋಟೋಗಳನ್ನು ಬೇರೆ ಬೇರೆ ಅಂಗಿಗಳ ಜೊತೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟೇ ಹೊತ್ತು ತೋರಿಸಿದರೂ, ಸ್ವಲ್ಪ ದುಬಾರಿಯಾಗಿ ಕಾಣುವ ಬಟ್ಟೆಯ ಜೊತೆ ಬಂದ ಮುಖವೇ ಜಾಸ್ತಿ ಸಮರ್ಥ ಎನಿಸಿತು. ಸೂಟು ಬೂಟು, ಹರಕು ಅಂಗಿ ಎಂಬಂಥ ದೊಡ್ಡ ವ್ಯತ್ಯಾಸ ಬೇಕಾಗಲಿಲ್ಲ, ಅಂಗಿ ಅಂಗಿಗಳ ನಡುವಿನ ಸಣ್ಣ ವ್ಯತ್ಯಾಸವೇ ಸಾಕಾಯಿತು.

ಇಂಟರ್‌ವ್ಯೂಗೆ ಹೊರಟ ಹಳ್ಳಿ ಹುಡುಗ, ಹುಡುಗಿಯರ ಮಟ್ಟಿಗೆ ಮಂಟಪದ ದೂರಿಗಿಂತ ಇದು ದೊಡ್ಡ ವಿಷಯ. ಬಟ್ಟೆಯನ್ನು ಲೆಕ್ಕಕ್ಕೆ ತಗೋಬೇಡಿ ಎಂದು ಸಂಶೋಧಕರು ಮೊದಲೇ ಎಚ್ಚರಿಸಿ ನೋಡಿದರು. ಬಟ್ಟೆಗೂ ಸಾಮರ್ಥ್ಯಕ್ಕೂ ಸಂಬಂಧವಿಲ್ಲ ಎಂದು ತಿಳಿಸಿ ನೋಡಿದರು. ಕೊನೆಗೆ ದುಡ್ಡಿನ ಆಸೆಯನ್ನೂ ತೋರಿಸಿದರು. ನೋಡುವವರು ಅಂಗಿಗೇ ಅಂಕ ಕೊಟ್ಟರು.