ಹೊರಚಾಚು ಸಾರುವೆ: ಭದ್ರತೆ ಇರುವುದು ಒಳಗಿನ ಬಾಲದಲ್ಲಿ

ಮೈಸೂರಿನ ದೇವರಾಜ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳಂಥ ಹಳೇ ಬಡಾವಣೆಗಳಲ್ಲಿ ನಾಲ್ಕೈದು ಅಂತಸ್ತು ಎಬ್ಬಿಸಿದ ಮೇಲೆ ಹೊರಗಾರೆಗೆ ನೆಲದಿಂದ ಸಾರುವೆ ಕಟ್ಟಲು ಜಾಗವೇ ಉಳಿದಿರುವುದಿಲ್ಲ. ಒಂದು ಕಡೆ ಪಕ್ಕದ ಮನೆಯ ಶೀಟಿನ ಸೂರು, ಇನ್ನೊಂದು ಕಡೆ ಜನ ಓಡಾಡುವ ರಸ್ತೆ. ಮಂಡ್ಯದ ತೊಡಕು ಬೇರೆ. ನೆಲಮಾಳಿಗೆಯ ಗುಂಡಿಯ ಸುತ್ತ ಹೊಸದಾಗಿ ತುಂಬಿದ ಮಣ್ಣು ನಾಲೆ ಬಯಲಿನ ತೇವಕ್ಕೆ ಕುಸಿಯುತ್ತಲೇ ಇರುತ್ತದೆ, ಅದರ ಮೇಲೆ ಕಾಲೂರಿದ ಪೈಪನ್ನು ನಂಬುವಂತಿಲ್ಲ. ಇಂಥ ಕಡೆಗಳಲ್ಲಿ ಒಂದು ಅಥವಾ ಎರಡನೇ ಮಹಡಿಯ ಸ್ಲ್ಯಾಬಿನಿಂದ ಕಬ್ಬಿಣದ ಗರ್ಡರ್‌ಗಳನ್ನು ಹೊರಕ್ಕೆ ಚಾಚಿ, ಅವುಗಳ ಮೇಲೆ ಪೈಪ್ ಸಾರುವೆ ನಿಲ್ಲಿಸುತ್ತಾರೆ. ಇದೇ ಹೊರಚಾಚು ಸಾರುವೆ.

ರಸ್ತೆಯಲ್ಲಿ ನಿಂತು ನೋಡುವವರ ಕಣ್ಣೆಲ್ಲ ಹೊರಗಿನ ತುದಿಯ ಮೇಲೆ. ಆದರೆ ಈ ಸಾರುವೆ ಉಳಿಯುವುದೂ ಬೀಳುವುದೂ ಕಟ್ಟಡದೊಳಗಿರುವ ಗರ್ಡರಿನ ಬಾಲದಲ್ಲಿ. ಏತದ ಮರದ ಹಾಗೆ, ಒಂದು ತುದಿ ತಗ್ಗಿದರೆ ಇನ್ನೊಂದು ಏಳಲೇಬೇಕು. ಏಳದಂತೆ ಹಿಡಿಯುವ ಕೊಕ್ಕೆಯನ್ನು ಮೋಲ್ಡ್ ಹಾಕುವ ಮೊದಲೇ ಕಂಬಿಯೊಳಗೆ ಇಟ್ಟಿರಬೇಕು. ಗಾರೆಯ ಮೇಸ್ತ್ರಿ ಬಂದ ಮೇಲೆ ಯೋಚಿಸಿದರೆ ತಡವಾಯಿತು.

ಒಂದು ಲೆಕ್ಕ ಹಾಕಿ ನೋಡಿ. ಗರ್ಡರ್‌ಗಳು 1.5 ಮೀಟರಿಗೊಂದು ಇವೆ. ಸಾರುವೆಯ ಎತ್ತರ 12 ಮೀಟರ್, ತಲಾ 2 ಮೀಟರಿನ ಆರು ಹಂತ. ಒಳಸಾಲಿನ ಪೈಪ್ ಸ್ಲ್ಯಾಬಿನ ಅಂಚಿನಿಂದ 30 ಸೆಂ.ಮೀ. ದೂರದಲ್ಲಿದೆ, ಹೊರಸಾಲು 1.2 ಮೀಟರ್ ದೂರದಲ್ಲಿ. ಒಂದು ಗರ್ಡರಿನ ಪಾಲಿಗೆ ಸುಮಾರು 85 ಮೀಟರ್ ಪೈಪ್ ಬರುತ್ತದೆ. 48.3 ಮಿ.ಮೀ. ಹೊರವ್ಯಾಸದ, 3.2 ಮಿ.ಮೀ. ದಪ್ಪದ ಪೈಪ್ ಮೀಟರಿಗೆ 3.56 ಕೆ.ಜಿ. ತೂಗುವುದರಿಂದ ಪೈಪೇ 300 ಕೆ.ಜಿ. ಕ್ಲಾಂಪ್, ಹಲಗೆ, ಬಲೆ ಸೇರಿ ಇನ್ನು 180 ಕೆ.ಜಿ. ಎರಡು ಹಂತದಲ್ಲಿ ಕೆಲಸದವರು, ಗಾರೆ ಬಾಂಡಲಿ, ಬ್ಲಾಕು ಎಂದು 400 ಕೆ.ಜಿ.ಗೂ ಮೇಲೆ ಹಿಡಿಯಬೇಕು. ಒಟ್ಟು ಸುಮಾರು 900 ಕೆ.ಜಿ., ಒಳಸಾಲಿಗೆ ಅರ್ಧ, ಹೊರಸಾಲಿಗೆ ಅರ್ಧ. ಅಂಚಿನಲ್ಲಿ ಗರ್ಡರನ್ನು ಬಗ್ಗಿಸುವ ಬಲ 450 × 0.3 ಮತ್ತು 450 × 1.2 ಸೇರಿ 675 ಕೆ.ಜಿ.-ಮೀಟರ್.

ಬಾಲದ ಕೊಕ್ಕೆ ಅಂಚಿನಿಂದ 1.5 ಮೀಟರ್ ಒಳಗಿದ್ದರೆ ಅದನ್ನು ಮೇಲಕ್ಕೆ ಕೀಳುವ ಬಲ 450 ಕೆ.ಜಿ. ಕೋಣೆಯೊಳಗೆ ಅಡ್ಡವಾಗುತ್ತದೆಂದು ಅದನ್ನೇ 75 ಸೆಂ.ಮೀ.ಗೆ ತಂದರೆ 900 ಕೆ.ಜಿ. ಆಗುತ್ತದೆ. ಹೊರಗೆ ಒಂದು ಕ್ಲಾಂಪೂ ಹೆಚ್ಚಾಗಿಲ್ಲ, ಕೊಕ್ಕೆಯ ಮೇಲಿನ ಬಲ ಮಾತ್ರ ಇಮ್ಮಡಿ. ಅದಕ್ಕೇ ಹೊರಗೆ ಚಾಚಿದ ಉದ್ದದ ಕನಿಷ್ಠ 1.25 ಪಟ್ಟು ಒಳಗಿರಲಿ ಎನ್ನುವುದು. 1.3 ಮೀಟರ್ ಚಾಚಿದರೆ ಒಳಗೆ 1.65 ಮೀಟರ್, ಕೊಕ್ಕೆಯಿಂದಾಚೆ 20 ಸೆಂ.ಮೀ. ತುದಿ, ಒಟ್ಟು 3.15 ಮೀಟರ್ ಗರ್ಡರ್ ಬೇಕು. ಈ ಭಾರಕ್ಕೆ 150 ಮಿ.ಮೀ. ಎತ್ತರದ ಐಎಸ್‌ಎಂಬಿ (ಐ ಆಕಾರದ ಉಕ್ಕಿನ) ಗರ್ಡರ್ ಸಾಕು. ಮೀಟರಿಗೆ 15 ಕೆ.ಜಿ. ತೂಗುವ ಅದನ್ನು ಇಬ್ಬರು ಹೊರಬಹುದು. ಚಾಚು ಹೆಚ್ಚಿದರೆ, ಮೂಲೆಗಳಲ್ಲಿ ಓರೆಯಾಗಿ ಇಡಬೇಕಾಗಿ ಬಂದರೆ, 200 ಮಿ.ಮೀ. ಗರ್ಡರಿಗೆ ಹೋಗಿ, ಲೆಕ್ಕವನ್ನೂ ಬೇರೆಯಾಗಿ ಮಾಡಿಸಿ. ಒಂದೇ ಸಾಲು ಗರ್ಡರಿನ ಮೇಲೆ 20 ಮೀಟರಿಗಿಂತ ಎತ್ತರ ಏರಿಸಬೇಡಿ. ಅಲ್ಲಿಂದ ಮೇಲೆ ಹೊಸ ಸಾಲು ಗರ್ಡರ್ ಇಡಬೇಕು.

ಬಾಲದ ಮೇಲೆ ಮರಳು ಮೂಟೆ, ಸಿಮೆಂಟ್ ಮೂಟೆ ಪೇರಿಸಿ ಕೆಲಸ ಮುಗಿಸುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. 450 ಕೆ.ಜಿ. ಎಳೆತಕ್ಕೆ ಮೂರು ಪಟ್ಟು ಭದ್ರತೆ ಹಿಡಿದರೆ 1,350 ಕೆ.ಜಿ., ಅಂದರೆ 50 ಕೆ.ಜಿ.ಯ 27 ಮೂಟೆ ಒಂದೊಂದು ಗರ್ಡರಿಗೂ ಬೇಕು. ಅಷ್ಟು ಯಾರೂ ಇಡುವುದಿಲ್ಲ. ಇಟ್ಟರೂ, ಮಾರನೇ ದಿನ ಗಾರೆ ಕಲಸುವವನಿಗೆ ಸಿಮೆಂಟ್ ಕಡಿಮೆ ಬಿದ್ದಾಗ ಕೈ ಹೋಗುವುದು ಅದೇ ಮೂಟೆಗೆ. ಕಿಟಕಿಯಿಂದ ಸರ್ವೆ ಗಳ ಹೊರಹಾಕಿ ತೆಂಗಿನ ಹಗ್ಗದಲ್ಲಿ ಬಿಗಿಯುವುದು ಇನ್ನೂ ಕೆಟ್ಟದ್ದು. ಗಂಟಿರುವ ಕಡೆ ಸರ್ವೆ ಮರ ಯಾವ ಸೂಚನೆಯೂ ಇಲ್ಲದೆ ಮುರಿಯುತ್ತದೆ.

ಕೊಕ್ಕೆಗೆ 16 ಮಿ.ಮೀ. ನುಣುಪು ಕಂಬಿ ಬಳಸಿ. ಮೈಮೇಲೆ ಏಣುಗಳಿರುವ ಟಿಎಂಟಿ ಕಂಬಿಯನ್ನು ಕಿರಿದಾಗಿ ಬಗ್ಗಿಸಿದರೆ ಬಾಗಿದ ಜಾಗದಲ್ಲೇ ಬಿರುಕು ಬರಬಹುದು. ಯು ಆಕಾರದ ಕೊಕ್ಕೆಯ ಕಾಲುಗಳು ಸ್ಲ್ಯಾಬಿನ ಕೆಳಗಿನ ಜಾಲರಿಯ ಅಡಿಗೆ ಹೋಗಿ ಮಡಚಿಕೊಳ್ಳಬೇಕು. ಮೇಲೆಳೆದಾಗ ಇಡೀ ಜಾಲರಿ ಅದನ್ನು ತಡೆಯುತ್ತದೆ. ಬಾಲಕ್ಕೆ ಎರಡು ಕೊಕ್ಕೆ, ಅಂಚಿನ ಹತ್ತಿರ ಗರ್ಡರ್ ಅಡ್ಡ ಜರುಗದಂತೆ ಇನ್ನೊಂದು. ಸ್ಲ್ಯಾಬ್ 120 ಮಿ.ಮೀ.ಗಿಂತ ತೆಳುವಾಗಿರಬಾರದು. ಕೊಕ್ಕೆಗೂ ಗರ್ಡರಿಗೂ ನಡುವಿನ ಸಂದಿಗೆ ಗಟ್ಟಿ ಮರದ ಬೆಣೆ ಹೊಡೆದು ಬಿಗಿ ಮಾಡಿ, ಬೆಣೆ ಕಳಚದಂತೆ ಮೊಳೆ ಜಡಿಯಿರಿ. ಮರ ಬಿಸಿಲಿಗೆ ಒಣಗಿ ಕುಗ್ಗುವುದರಿಂದ ಬೆಣೆಗಳನ್ನು ವಾರಕ್ಕೊಮ್ಮೆ ಸುತ್ತಿಗೆಯಿಂದ ತಟ್ಟಿ ನೋಡಲೇಬೇಕು.

ಎಷ್ಟೋ ಇಂಜಿನಿಯರುಗಳೂ ಮರೆಯುವ ಸಂಗತಿಯೊಂದಿದೆ. ಸ್ಲ್ಯಾಬಿನ ನಡುಭಾಗದಲ್ಲಿ ಕಂಬಿ ಇರುವುದು ಕೆಳಗಡೆ ಮಾತ್ರ, ಏಕೆಂದರೆ ಅದು ಕೆಳಕ್ಕೆ ಬಾಗುತ್ತದೆಂದು ಲೆಕ್ಕ ಹಾಕಿರುತ್ತಾರೆ. ಬಾಲ ಅದನ್ನು ಮೇಲಕ್ಕೆ ಎಳೆದರೆ ಬಿರುಕು ಬರುವುದು ಕಂಬಿಯೇ ಇಲ್ಲದ ಮೇಲ್ಭಾಗದಲ್ಲಿ. ಆದ್ದರಿಂದ ಬಾಲದ ಕೊಕ್ಕೆ ಒಳಗಿನ ಆರ್‌ಸಿಸಿ ಬೀಮಿನ ಮೇಲೋ ಪಕ್ಕದಲ್ಲೋ ಬರುವಂತೆ ನೋಡಿ. ಆಗದಿದ್ದರೆ ಅಲ್ಲಿ ಮೇಲ್ಭಾಗಕ್ಕೂ ಕಂಬಿ ಹಾಕಿಸಿ. ಹಾಗೆಯೇ ಅಂಚಿನಲ್ಲಿ ಗರ್ಡರ್ ಒತ್ತುವ ಭಾರ 900ಕ್ಕೆ 450 ಸೇರಿ 1,350 ಕೆ.ಜಿ. ಅಂಚಿನಲ್ಲಿ ಬೀಮ್ ಇದ್ದರೆ ಸರಿ. ಸಜ್ಜೆಯ ಮೇಲೆ, ಬಾಲ್ಕನಿಯ ತುದಿಯ ಮೇಲೆ ಗರ್ಡರ್ ಕೂರಿಸಿದರೆ ಅವು ತಾವೇ ಹೊರಚಾಚಿದವು. ಈ ಭಾರ ಅವುಗಳ ಲೆಕ್ಕದಲ್ಲಿ ಇಲ್ಲ. ಸ್ಲ್ಯಾಬ್ ಹೊಸದಾಗಿದ್ದರೆ ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ಫಲಿತಾಂಶ ನೋಡದೆ ಸಾರುವೆ ಏರಿಸಬೇಡಿ, ಅಡಿಯ ಜಾಕಿಗಳನ್ನೂ ಬಿಚ್ಚಬೇಡಿ.

ನಿಲುವು ಪೈಪ್ ಗರ್ಡರಿನ ಮೇಲೆ ಜಾರದಿರಲು 15 ಸೆಂ.ಮೀ. ಉದ್ದದ, 32 ಮಿ.ಮೀ. ಕಂಬಿಯ ಗೂಟವನ್ನು ಗರ್ಡರ್ ನೆಲದ ಮೇಲಿರುವಾಗಲೇ ಅದಕ್ಕೆ ಬೆಸುಗೆ ಹಾಕಿಸಿ, ಆಮೇಲೆ ಗರ್ಡರನ್ನು ಮೇಲೆ ಸಾಗಿಸಿ. ಪೈಪ್ ಈ ಗೂಟಕ್ಕೆ ತೊಟ್ಟಂತೆ ಕೂರುತ್ತದೆ. ಗರ್ಡರ್ ಇಡುವಾಗ ಹೊರತುದಿ 10 ಮಿ.ಮೀ.ನಷ್ಟು ಮೇಲಿರಲಿ, ಭಾರ ಬಿದ್ದ ಮೇಲೆ ಮಟ್ಟಕ್ಕೆ ಬರುತ್ತದೆ.

ಕಟ್ಟುವಾಗ ಅತಿ ಅಪಾಯದ ಹೊತ್ತು ಮೊದಲ ಹಂತದ್ದು. ಹಿಡಿಯಲು ಕಂಬಿಯಿಲ್ಲ, ನಿಲ್ಲಲು ಹಲಗೆಯಿಲ್ಲ. ಕೆಲಸ ಶುರುವಾಗುವ ಮೊದಲೇ ಕಾಲಮ್‌ನಿಂದ ಕಾಲಮ್‌ಗೆ ಉಕ್ಕಿನ ಹಗ್ಗ ಬಿಗಿದು, ಎರಡು ಕೊಕ್ಕೆಯ ಪೂರ್ಣ ಮೈಯ ಬೆಲ್ಟನ್ನು ಅದಕ್ಕೇ ಸಿಕ್ಕಿಸಬೇಕು. ಆಗಷ್ಟೇ ನಿಲ್ಲಿಸಿದ, ಇನ್ನೂ ಟೈ (ಕಟ್ಟಡಕ್ಕೆ ಹಿಡಿದಿಡುವ ಕಟ್ಟು) ಬೀಳದ ಪೈಪಿಗೆ ಸಿಕ್ಕಿಸಿದರೆ ಅದೂ ಮನುಷ್ಯನ ಜೊತೆಗೇ ಬರುತ್ತದೆ. ಗರ್ಡರಿನಿಂದ 20 ಸೆಂ.ಮೀ. ಮೇಲೆ ಉದ್ದಕ್ಕೂ ಅಡ್ಡಕ್ಕೂ ಕಾಲುಕಟ್ಟು ಪೈಪ್ ಮೊದಲು ಬೀಳಲಿ. ಮೊದಲ ಹಂತವನ್ನು ಗೋಡೆಯವರೆಗೂ ಹಲಗೆ, ಪ್ಲೈವುಡ್‌ನಿಂದ ಸಂದಿಲ್ಲದಂತೆ ಮುಚ್ಚಿ. ರಸ್ತೆಯವರ ತಲೆ ಕಾಯುವುದು ಇದೇ. ಮೇಲಿನ ಪ್ರತಿ ಕೆಲಸದ ಹಂತಕ್ಕೂ ಒಂದು ಮೀಟರ್ ಎತ್ತರದಲ್ಲಿ ಕೈಹಿಡಿ, ನಡುವೆ ಇನ್ನೊಂದು ಪೈಪ್, 15 ಸೆಂ.ಮೀ.ನ ಕಾಲ್ತಡೆ ಹಲಗೆ ಬೇಕು. ಹೊರಮುಖಕ್ಕೆ 45ರಿಂದ 60 ಡಿಗ್ರಿ ಓರೆಯಲ್ಲಿ ಕೆಳಗಿನಿಂದ ಮೇಲಿನವರೆಗೆ ತುಂಡಾಗದ ಬ್ರೇಸ್ (ಓರೆ ಪೈಪ್) ಹೋಗಬೇಕು. ಭಾರ ಹೊರುವ ಕಡೆ ಲಂಬಕೋನದಲ್ಲಿ ಹಿಡಿಯುವ ಫಿಕ್ಸ್ ಕ್ಲಾಂಪ್, ಓರೆ ಬ್ರೇಸಿಗೆ ಮಾತ್ರ ಯಾವ ಕೋನಕ್ಕೂ ತಿರುಗುವ ಸ್ವಿವೆಲ್. ಕ್ಲಾಂಪಿನ ನಟ್ಟಿಗೆ 50 ನ್ಯೂಟನ್-ಮೀಟರ್ ಬಿಗಿ ಸಾಕು: 20 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ ಸುಮಾರು 25 ಕೆ.ಜಿ. ಒತ್ತಡ. ಸ್ಪ್ಯಾನರಿಗೆ ಪೈಪ್ ತೂರಿಸಿ ತಿರುಗಿಸಿದರೆ ಬೋಲ್ಟಿನ ತಿರುಪಿನ ಗೆರೆ ಸವೆದು, ಬಿಗಿಯಾಗಿದೆ ಎಂಬ ಭ್ರಮೆಯಷ್ಟೇ ಉಳಿಯುತ್ತದೆ.

ಟೈ ವಿಷಯಕ್ಕೆ ಬಂದರೆ, ಗೋಡೆಗೆ ಕಟ್ಟಿದ ಬೈಂಡಿಂಗ್ ವೈರ್ ಟೈ ಅಲ್ಲ. ಅದು ಎಳೆತ ತಡೆಯಬಹುದು, ತಳ್ಳುವುದನ್ನು ತಡೆಯದು. ಕಾಲಮ್ಮನ್ನೋ ಬೀಮನ್ನೋ ಪೈಪ್ ಮತ್ತು ಕ್ಲಾಂಪಿನಿಂದ ಅಪ್ಪಿ ಹಿಡಿದದ್ದು ಟೈ. ಎರಡು ಹಂತಕ್ಕೊಂದು, ಮೂರು ಗರ್ಡರಿಗೊಂದು ಎಂದು ಹಾಕಿದರೆ ಒಂದೊಂದು ಟೈಗೆ 4 × 4.5, ಅಂದರೆ 18 ಚದರ ಮೀಟರ್. ಗಾಳಿಯ ಐಎಸ್ 875 ಮಾನದಂಡ ಮೈಸೂರಿಗೆ ಹೇಳುವ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಅದರ ಒತ್ತಡ ಚದರ ಮೀಟರಿಗೆ ಸುಮಾರು 65 ಕೆ.ಜಿ. ಹಸಿರು ಬಲೆಯ ಸಂದಿಯಲ್ಲಿ ಅರ್ಧ ಗಾಳಿ ನುಗ್ಗಿಹೋದರೂ ಒಂದು ಟೈ ಮೇಲೆ 600 ಕೆ.ಜಿ.ಯ ಹತ್ತಿರ ಬರುತ್ತದೆ, ಒಂಟಿ ಕ್ಲಾಂಪ್ ಜಾರುವ ಮಟ್ಟ ಅದು. ಹಾಗಾಗಿ ಟೈಗೆ ಕ್ಲಾಂಪ್ ಜೋಡಿಯಾಗಿರಲಿ. ಬಲೆಯ ಬದಲು ಟಾರ್ಪಾಲು ಕಟ್ಟುವುದಾದರೆ ಲೆಕ್ಕವನ್ನೇ ಹೊಸದಾಗಿ ಮಾಡಬೇಕು. ಏಪ್ರಿಲ್-ಮೇ ಸಂಜೆಯ ಗಾಳಿಮಳೆಗೆ, ಆಷಾಢದ ಗಾಳಿಗೆ ಮೇಲೆ ಯಾರೂ ಇರಬಾರದು. ಮಳೆ ನಿಂತ ಮೇಲೆ ಬೆಣೆ, ಟೈ, ಕ್ಲಾಂಪ್ ಮೂರನ್ನೂ ನೋಡದೆ ಹತ್ತಿಸಬಾರದು. ಕಟ್ಟುತ್ತಾ ಹೋಗುವಾಗಲೂ ಕೊನೆಯ ಟೈನಿಂದ ಎರಡು ಹಂತಕ್ಕಿಂತ ಹೆಚ್ಚು ಮೇಲಕ್ಕೆ ಹೋಗಬೇಡಿ. ರಸ್ತೆ ಬದಿಯಲ್ಲಿ ವಿದ್ಯುತ್ ತಂತಿ ಹತ್ತಿರವಿದ್ದರೆ ಇಲ್ಲಿನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿಕೊಂಡೇ 6 ಮೀಟರ್ ಪೈಪುಗಳನ್ನು ಎತ್ತಬೇಕು.

ಬಿಚ್ಚುವಾಗಿನ ಆತುರ ಕಟ್ಟುವಾಗ ಇರುವುದಿಲ್ಲ. ಬಾಡಿಗೆ ದಿನಕ್ಕಿಷ್ಟು ಎಂದು ಓಡುತ್ತಿರುತ್ತದೆ, ಬಣ್ಣದವರು ಟೈ ತೂತುಗಳನ್ನು ಮುಚ್ಚಿಕೊಡಿ ಎಂದು ಅವಸರಿಸುತ್ತಾರೆ. ಆಗ ನಡೆಯುವ ಅತಿ ದೊಡ್ಡ ತಪ್ಪು, ಮೇಲಿನಿಂದ ಕೆಳಗಿನವರೆಗೆ ಎಲ್ಲ ಟೈಗಳನ್ನೂ ಒಟ್ಟಿಗೆ ತೆಗೆದು ಆಮೇಲೆ ಪೈಪ್ ಬಿಚ್ಚಲು ಹೊರಡುವುದು. ಟೈ ಕಳಚಿದ ಸಾರುವೆ ಹೊರಕ್ಕೆ ವಾಲಿದರೆ ಅದನ್ನು ಹಿಡಿಯುವುದು ಏನೂ ಇಲ್ಲ. ಆ ಹಂತ ಬಿಚ್ಚುವ ಹೊತ್ತಿಗೇ ಆ ಹಂತದ ಟೈ ತೆಗೆಯಬೇಕು, ಒಂದು ಗಳಿಗೆಯೂ ಮೊದಲಲ್ಲ. ಬಣ್ಣದವರಿಗೆ ಆ ಜಾಗ ಬೇಕೇ ಬೇಕೆಂದರೆ ಪಕ್ಕದಲ್ಲಿ ಹೊಸ ಟೈ ಹಾಕಿ, ನಂತರ ಹಳೆಯದನ್ನು ತೆಗೆಯಿರಿ.

ಮೊದಲು ಹಲಗೆಯ ಮೇಲಿನ ಗಾರೆ ಚೂರು, ಇಟ್ಟಿಗೆ ತುಂಡುಗಳನ್ನು ಗುಡಿಸಿ ಮೂಟೆ ಕಟ್ಟಿ ಇಳಿಸಿ. ಆಮೇಲೆ ಬಲೆ, ಕಾಲ್ತಡೆ, ಹಲಗೆ, ಕೈಹಿಡಿ, ಅಡ್ಡ ಪೈಪ್, ಲೆಡ್ಜರ್ (ಗೋಡೆಯುದ್ದಕ್ಕೂ ಹೋಗುವ ಪೈಪ್), ಕೊನೆಗೆ ನಿಲುವು ಪೈಪ್. ಹೀಗೆ ಸುತ್ತಲೂ ಒಂದು ಹಂತ ಮುಗಿಸಿ ಕೆಳಗಿನದಕ್ಕೆ ಇಳಿಯಿರಿ. ಒಂದು ಮುಖ ಬೋಳಾಗಿ ಇನ್ನೊಂದು ಎರಡು ಹಂತಕ್ಕಿಂತ ಎತ್ತರದಲ್ಲಿ ನಿಲ್ಲಬಾರದು. ಉದ್ದದ ಪೈಪನ್ನು ಇಬ್ಬರು ಹಿಡಿದು ಹಗ್ಗದಲ್ಲಿ ಇಳಿಸಿ. ಕ್ಲಾಂಪುಗಳನ್ನು ಚೀಲಕ್ಕೆ ಹಾಕಿ. ಮೇಲಿಂದ ಎಸೆದ ಪೈಪ್ ನೆಲಕ್ಕೆ ಬಡಿದು ಎತ್ತ ಚಿಮ್ಮುತ್ತದೆಂದು ಹೇಳಲಾಗದು, ಬಾಗಿದ ಪೈಪ್ ಮುಂದಿನ ಕಟ್ಟಡಕ್ಕೆ ಅಪಾಯವನ್ನು ಹೊತ್ತೊಯ್ಯುತ್ತದೆ. ಕೆಳಗೆ ಹಗ್ಗ ಕಟ್ಟಿ ಒಬ್ಬ ಕಾವಲಿರಲಿ, ಊಟದ ಹೊತ್ತಲ್ಲೂ.

ಗರ್ಡರಿನ ಸರದಿ ಕೊನೆಗೆ. ಮೇಲಿನ ಪೈಪೆಲ್ಲ ಇಳಿದು ಹೋಗುವ ತನಕ ಬೆಣೆಗೆ ಸುತ್ತಿಗೆ ತಾಗಿಸುವಂತಿಲ್ಲ. ಮೊದಲು ಹೊರತುದಿಗೆ ಹಗ್ಗ ಬಿಗಿದು ಮೇಲಿನ ಮಹಡಿಯ ಕಾಲಮ್‌ಗೆ ಕಟ್ಟಿ, ಆಮೇಲೆ ಬೆಣೆ ಕಳಚಿ ಗರ್ಡರನ್ನು ಒಳಕ್ಕೆ ಎಳೆಯಬೇಕು. ಇಲ್ಲಿ ಒಂದು ಸಣ್ಣ ಸಂಗತಿ ಕೆಲಸ ಕೆಡಿಸುತ್ತದೆ: ಗೋಡೆ ಕಟ್ಟುವಾಗ ಗರ್ಡರಿನ ಸುತ್ತ 150 ಮಿ.ಮೀ. ತೂತನ್ನಷ್ಟೇ ಬಿಟ್ಟಿದ್ದರೆ, ಮೇಲೆ ಬೆಸೆದ 15 ಸೆಂ.ಮೀ. ಗೂಟ ಅದರಲ್ಲಿ ತೂರುವುದಿಲ್ಲ. ಆಗ ಒಬ್ಬ ಹೊರಗೆ ನೇತಾಡಿ ಗೂಟ ಕತ್ತರಿಸಬೇಕಾಗುತ್ತದೆ. ತೂತಿನ ಎತ್ತರ ಮೊದಲೇ 32 ಸೆಂ.ಮೀ. ಇರಲಿ. ಗರ್ಡರ್ ತೆಗೆದ ತೂತನ್ನು ಹೊರಗಿನಿಂದ ಮುಚ್ಚಲು ನಿಲ್ಲುವುದೆಲ್ಲಿ ಎಂಬುದನ್ನೂ ಬಿಚ್ಚಲು ಶುರು ಮಾಡುವ ಮೊದಲೇ ತೀರ್ಮಾನಿಸಿ. ಒಳಗಿನಿಂದಲೇ ಕಾಂಕ್ರೀಟ್ ತುಂಬಿ, ಹೊರಮೈಯನ್ನು ಪಕ್ಕದ ಕಿಟಕಿಯಿಂದ ಇಲ್ಲವೇ ಚಿಕ್ಕ ತೂಗು ತೊಟ್ಟಿಲಿನಿಂದ ಸವರಬಹುದು. ಸ್ಲ್ಯಾಬಿನಲ್ಲಿ ಉಳಿದ ಕೊಕ್ಕೆಗಳನ್ನು ಗ್ರೈಂಡರಿನಿಂದ ಮೇಲ್ಮೈಗಿಂತ ಒಂದು ಬೆರಳು ಆಳಕ್ಕೆ ಕತ್ತರಿಸಿ ಗಾರೆ ತುಂಬಿ. ಟೈಲ್ಸ್‌ನ ಅಡಿಯಲ್ಲಿ ತುಕ್ಕು ಹಿಡಿದ ಕಂಬಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲೆಯಾಗಿ ಮೇಲೆ ಕಾಣಿಸಿಕೊಳ್ಳುತ್ತದೆ.