ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುವುದೇಕೆ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಗಳಿಗೆ ಪೈಪ್‌ಲೈನ್ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: “ಒಂದು ರೆಡ್ಯೂಸರ್ ಹಾಕಿ ಪೈಪು ಸಣ್ಣ ಮಾಡಿಬಿಡಿ ಮಾರಾಯ್ರೇ, ಪ್ರೆಶರ್ ತನ್ನಿಂದ ತಾನೇ ಬರ್ತದೆ.” ಬರುವುದಿಲ್ಲ. ಈ ನಂಬಿಕೆಯಿಂದಲೇ ಎಷ್ಟೋ ಜನ ತಪ್ಪು ಪೈಪಿಗೆ ದುಡ್ಡು ಸುರಿಯುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಂಪ್ ಇಲ್ಲದ ಕಡೆ ಪ್ರೆಶರ್ ಹುಟ್ಟುವುದು ಎತ್ತರದಿಂದ ಮಾತ್ರ. ನೀರಿನ ಮಟ್ಟ 10 ಮೀಟರ್ ಮೇಲಿದ್ದರೆ ಕೆಳಗೆ ಚದರ ಸೆಂಟಿಮೀಟರಿಗೆ 1 ಕೆಜಿ ಒತ್ತಡ. ಅಂಗಡಿಯಲ್ಲಿ ‘4 ಕೆಜಿ ಪೈಪು’, ‘6 ಕೆಜಿ ಪೈಪು’ ಅನ್ನುತ್ತಾರಲ್ಲ, ಆ ಕೆಜಿ ಇದೇ, ಪೈಪು ತಡೆದುಕೊಳ್ಳುವ ಒತ್ತಡ. ಟಾಂಕಿ ಎಷ್ಟು ದೊಡ್ಡದು ಎಂಬುದು ಲೆಕ್ಕಕ್ಕಿಲ್ಲ. ಕಾರವಾರದ ಮನೆಯೊಂದರ ತಾರಸಿಯಲ್ಲಿ 500 ಲೀಟರಿನ ಟಾಂಕಿ ತೆಗೆದು 2000 ಲೀಟರಿನದು ಇಟ್ಟರೂ, ನೀರಿನ ಮಟ್ಟ ಮೊದಲಿನಷ್ಟೇ ಇದ್ದರೆ ನಲ್ಲಿಯ ಪ್ರೆಶರ್ ಕೂಡ ಅಷ್ಟೇ. ಶವರಿಗಿಂತ 3 ಮೀಟರ್ ಮೇಲೆ ನೀರಿದ್ದರೆ ಸಿಗುವುದು ಬರೀ 0.3 ಕೆಜಿ.

ಹಾಗಾದರೆ ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಅಷ್ಟು ದೂರ ಹಾರುತ್ತದಲ್ಲ, ಅದು ಹೇಗೆ?

ಹರಿಯುವ ನೀರು ಪೈಪಿನ ಒಳಮೈಗೆ ಉಜ್ಜಿಕೊಂಡೇ ಹೋಗುತ್ತದೆ. ಆ ತಿಕ್ಕಾಟಕ್ಕೆ ಪ್ರೆಶರ್ ಖರ್ಚಾಗುತ್ತದೆ. ಹರಿವು ಎರಡು ಪಟ್ಟಾದರೆ ಖರ್ಚು ಹೆಚ್ಚುಕಡಿಮೆ ನಾಲ್ಕು ಪಟ್ಟು. ಬಾಯಿ ಪೂರ್ತಿ ತೆರೆದಿದ್ದಾಗ ಹರಿವು ಜಾಸ್ತಿ, ಹಾಗಾಗಿ ಪ್ರೆಶರಿನ ಬಹುಪಾಲು ದಾರಿಯಲ್ಲೇ ಮುಗಿದಿರುತ್ತದೆ. ಬೆರಳು ಅಡ್ಡ ಬಂದಾಗ ಹರಿವು ಇಳಿಯುತ್ತದೆ, ತಿಕ್ಕಾಟವೂ ಇಳಿಯುತ್ತದೆ. ಉಳಿದ ಪ್ರೆಶರ್ ಬೆರಳಿನ ಹಿಂದಿನವರೆಗೂ ಬಂದು, ಸಂದಿಯಲ್ಲಿ ವೇಗವಾಗಿ ಹೊರಬೀಳುತ್ತದೆ. ಬೇಕಾದರೆ ಹಾಗೆ ಬೆರಳು ಒತ್ತಿಕೊಂಡೇ ಒಂದು ಬಕೆಟ್ ತುಂಬಿಸಿ ನೋಡಿ. ಜಾಸ್ತಿ ಹೊತ್ತು ಹಿಡಿಯುತ್ತದೆ.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಹಳೆಯ ಡ್ರಮ್ಮಿನ ಬುಡದಲ್ಲಿ ಒಂದೇ ಮಟ್ಟದಲ್ಲಿ ಎರಡು ತೂತು ಮಾಡಿ, ಒಂದು ದೊಡ್ಡದು, ಒಂದು ಸಣ್ಣದು. ಎರಡರ ನೀರೂ ಹತ್ತಿರ ಹತ್ತಿರ ಒಂದೇ ದೂರಕ್ಕೆ ಬೀಳುತ್ತದೆ. ತೂತಿನಿಂದ ಹೊರಬರುವ ನೀರಿನ ವೇಗ ಅದರ ಮೇಲಿರುವ ನೀರಿನ ಎತ್ತರಕ್ಕೆ ಮಾತ್ರ ಸೇರಿದ್ದು ಎಂದು ಇಟಲಿಯ ಟೊರಿಚೆಲ್ಲಿ 1644ರಲ್ಲೇ ಪ್ರಕಟಿಸಿದ್ದ. ಡ್ರಮ್ಮಿಗೆ ಉದ್ದ ಪೈಪಿಲ್ಲ, ತಿಕ್ಕಾಟದ ಖರ್ಚಿಲ್ಲ. ಅಲ್ಲಿ ಬಾಯಿ ಸಣ್ಣ ಮಾಡಿ ಏನೂ ಲಾಭವಿಲ್ಲ.

ಈಗ ಅಬ್ಬಿ ನೀರಿಗೆ, ಅಂದರೆ ಬೆಟ್ಟದ ಒರತೆಯಿಂದ ಪಂಪಿಲ್ಲದೆ ಪೈಪಿನಲ್ಲಿ ಇಳಿದು ಬರುವ ನೀರಿಗೆ ಬರೋಣ. ಸೊಪ್ಪಿನ ಬೆಟ್ಟದ ಒರತೆ ಮನೆಗಿಂತ 30 ಮೀಟರ್ ಮೇಲಿದೆ, ಪೈಪಿನ ಉದ್ದ 300 ಮೀಟರ್ ಅಂತಿಟ್ಟುಕೊಳ್ಳಿ. ಉದ್ದಕ್ಕೂ ಅರ್ಧ ಇಂಚು ಒಳ ಅಳತೆಯ ಪೈಪು ಎಳೆದರೆ ನಿಮಿಷಕ್ಕೆ ಸುಮಾರು 7 ಲೀಟರ್ ಬರುತ್ತದೆ. ಅದೇ ಜಾಗದಲ್ಲಿ ಒಂದು ಇಂಚಿನದು ಹಾಕಿದರೆ 40 ಲೀಟರ್ ದಾಟುತ್ತದೆ. ಅಳತೆ ಎರಡು ಪಟ್ಟು, ನೀರು ಆರು ಪಟ್ಟು! ಬೆಟ್ಟದ ಮೇಲೆ ದೊಡ್ಡ ಪೈಪು, ಕೆಳಗೆ ಬರುತ್ತ ಸಣ್ಣದು ಅಂತ ಹಾಕುವವರಿಗೆ ಒಳ್ಳೆ ನೀರು ಸಿಗುವುದೂ ಉಂಟು. ಆದರೆ ಅದು ಮೇಲಿನ ದೊಡ್ಡ ಪೈಪಿನ ಉಪಕಾರ. ನನ್ನ ಕೇಳಿದರೆ, ಅಂಗಳದವರೆಗೂ ಒಂದೇ ದಪ್ಪ ಪೈಪು ತನ್ನಿ. ಸಣ್ಣ ಬಾಯಿ ಬೇಕಿದ್ದರೆ ತುದಿಯಲ್ಲಿ ನಾಜಲ್ ಹಾಕಿ. ಒರತೆಯಲ್ಲಿ ಅಷ್ಟು ನೀರು ಇರಬೇಕು ಎಂಬುದೂ ನಿಜ. ಬೇಸಿಗೆಯಲ್ಲಿ ಒರತೆ ಸೊರಗಿದಾಗ ಪೈಪು ಪೂರ್ತಿ ತುಂಬುವುದಿಲ್ಲ. ಗಾಳಿ ಸೇರಿಕೊಂಡು ಉಬ್ಬಿನ ಜಾಗದಲ್ಲಿ ಕಟ್ಟಿ ಕೂರುತ್ತದೆ. ಅಂಥ ಉಬ್ಬಿನಲ್ಲಿ ಗಾಳಿ ಹೊರಬಿಡುವ ಒಂದು ಏರ್ ವಾಲ್ವ್ ಇರಲೇಬೇಕು.

ತೊಂದರೆ ಎಲ್ಲಿದೆ ಅಂತ ಹುಡುಕಲು ಪ್ರೆಶರ್ ಗೇಜು ಸಾಕು. ನಲ್ಲಿ ಬಂದ್ ಮಾಡಿ ಒಮ್ಮೆ ನೋಡಿ, ಬಿಟ್ಟು ಒಮ್ಮೆ ನೋಡಿ. ಬಂದ್ ಮಾಡಿದಾಗಲೇ ಕಡಿಮೆ ತೋರಿಸಿದರೆ ಎತ್ತರ ಸಾಲದು, ಇಲ್ಲವೇ ಎಲ್ಲೋ ಸೋರುತ್ತಿದೆ ಅಥವಾ ಗಾಳಿ ಕಟ್ಟಿದೆ. ಬಂದ್ ಇದ್ದಾಗ ಸರಿಯಿದ್ದು, ಬಿಟ್ಟಾಗ ಕುಸಿದರೆ ಪೈಪು ಸಣ್ಣದಾಯಿತು ಅಥವಾ ಒಳಗೆ ಕಸ ಸಿಕ್ಕಿಕೊಂಡಿದೆ.

ಬಂದ್ ಮಾಡಿದ ಹೊತ್ತಿನ ಪ್ರೆಶರನ್ನು ಪೈಪು ಕೊಳ್ಳುವ ಮೊದಲೇ ಯೋಚಿಸಬೇಕು. ಅಬ್ಬಿ 60 ಮೀಟರ್ ಮೇಲಿದ್ದರೆ ಕೆಳಗೆ 6 ಕೆಜಿ. ಅಲ್ಲಿ 4 ಕೆಜಿ ಪೈಪು ಹಾಕಿದರೆ, ನೀರು ಹರಿಯುವಾಗ ಸುಮ್ನೆ ಇದ್ದದ್ದು ರಾತ್ರಿ ನಲ್ಲಿ ಬಂದ್ ಮಾಡಿದಾಗ ಒಡೆಯಬಹುದು. ಅರ್ಧ ಎತ್ತರದಲ್ಲಿ ಫ್ಲೋಟ್ ವಾಲ್ವ್ (ಟಾಂಕಿ ತುಂಬಿದಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್) ಇರುವ ಒಂದು ಸಣ್ಣ ತೆರೆದ ಟಾಂಕಿ ಕಟ್ಟಿದರೆ ಮೇಲಿನ ಪೈಪಿಗೆ 3 ಕೆಜಿ, ಕೆಳಗಿನದಕ್ಕೂ 3 ಕೆಜಿ. ಗೇಟ್ ವಾಲ್ವ್ ಮಾತ್ರ ನಿಧಾನ ತಿರುಗಿಸಿ. ಓಡುತ್ತಿರುವ ನೀರನ್ನು ಫಕ್ಕನೆ ತಡೆದರೆ ಕ್ಷಣಕಾಲ ಒತ್ತಡ ಈ ಲೆಕ್ಕವನ್ನೆಲ್ಲ ಮೀರಿ ಏರುತ್ತದೆ, ಮೊದಲು ಬಿಟ್ಟುಕೊಳ್ಳುವುದು ಜಾಯಿಂಟುಗಳು.