ಮಲೇರಿಯಾ ಟೆಸ್ಟ್ ನೆಗೆಟಿವ್, ಜ್ವರ ಮಾತ್ರ ಬಿಡ್ತಿಲ್ಲ. ಏನಿರಬಹುದು?

ಪ್ರಶ್ನೆ: ವಿದೇಶ ಪ್ರವಾಸದಿಂದ ಬಂದು ಮೂರು ವಾರವಾಯಿತು. ಹತ್ತು ದಿನದಿಂದ ಜ್ವರ ಬಿಟ್ಟಿಲ್ಲ. ಮಲೇರಿಯಾ ಟೆಸ್ಟ್ ನೆಗೆಟಿವ್. ಹಾಗಾದರೆ ಮಲೇರಿಯಾ ಅಲ್ಲ ಅಂತಾಯ್ತಲ್ವಾ?

ಉತ್ತರ: ಟೆಸ್ಟ್ ಎಷ್ಟು ಸಲ ಮಾಡಿಸಿದಿರಿ? ಒಂದೇ ಸಲ ತಾನೇ? ಈ ಪ್ರಶ್ನೆ ಬಂದಾಗಲೆಲ್ಲ ನಾನು ಇದೇ ಮರುಪ್ರಶ್ನೆ ಹಾಕುತ್ತೇನೆ. ಉತ್ತರವೂ ಹೆಚ್ಚುಕಮ್ಮಿ ಯಾವಾಗಲೂ ಒಂದೇ. ಇನ್ನೊಂದು ಸಲ ಹೇಳಿಬಿಡುತ್ತೇನೆ: ಒಂದು ನೆಗೆಟಿವ್ ರಿಪೋರ್ಟ್ ಹಿಡಿದುಕೊಂಡು ಮಲೇರಿಯಾ ಇಲ್ಲ ಅನ್ನೋ ಹಾಗಿಲ್ಲ.

ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಡಿ ರಕ್ತದ ಸ್ಲೈಡ್ ನೋಡುವವರ ಪಕ್ಕ ಹತ್ತು ನಿಮಿಷ ಕೂತರೆ ಇದು ತಾನಾಗಿಯೇ ಅರ್ಥವಾಗುತ್ತೆ. ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಗಾಜಿನ ಮೇಲೆ ಬೀಳುವುದು ಒಂದು ಹನಿ. ಅದಕ್ಕೆ ಬಣ್ಣ ಹಾಕಿ, ಎಣ್ಣೆ ಬಿಟ್ಟು, ಲೆನ್ಸಿನಡಿ ಇಷ್ಟಿಷ್ಟೇ ಸರಿಸುತ್ತಾ ಕನಿಷ್ಠ 100 ಕಡೆ ನೋಡಬೇಕು. ಹುಡುಕುತ್ತಿರುವುದು ಏನನ್ನು? ಪುಟ್ಟ ನೀಲಿ ಉಂಗುರ, ಅದರಲ್ಲೊಂದು ಕೆಂಪು ಚುಕ್ಕೆ. ಸುತ್ತಲೂ ಅದೇ ಥರ ಕಾಣುವ ಪ್ಲೇಟ್‌ಲೆಟ್, ಬಣ್ಣದ ಕಸ. ಆ ಉಂಗುರವೇ ಮಲೇರಿಯಾ ತರುವ ಪರಾವಲಂಬಿ, ಅದು ಕಡಿಮೆ ಇದ್ದರೆ ಪಳಗಿದ ಕಣ್ಣಿಗೂ ತಪ್ಪಿಹೋಗುತ್ತೆ.

ಮಲೇರಿಯಾ ಪರಾವಲಂಬಿಗಳಲ್ಲಿ ಅತಿ ಅಪಾಯಕಾರಿಯಾದ ಫಾಲ್ಸಿಪಾರಮ್ ಅಂತೂ ಅಡಗಿ ಕೂರುವುದರಲ್ಲಿ ಪಳಗಿದ್ದು. ಅದು ಬೆಳೆಯುತ್ತಿರುವ ಕೆಂಪುಕಣಗಳು ಒಳಗಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಬೆರಳು ಚುಚ್ಚಿದರೆ ಹೆಚ್ಚೇನೂ ಸಿಗುವುದಿಲ್ಲ. ಬೆಳಗ್ಗೆ ಖಾಲಿ ಕಂಡ ರಕ್ತದಲ್ಲಿ ರಾತ್ರಿ ಉಂಗುರಗಳು ಕಾಣಬಹುದು. ಅದಕ್ಕೇ 12ರಿಂದ 24 ಗಂಟೆಗೊಮ್ಮೆ, ಒಟ್ಟು ಮೂರು ಸಲ ನೋಡಿ ಅನ್ನುವುದು. ಸುಮ್ನೆ ದುಡ್ಡು ಖರ್ಚು ಮಾಡಿಸೋಕಲ್ಲ.

‘ಕಾರ್ಡ್ ಟೆಸ್ಟ್ (ಬೇಗ ಫಲಿತಾಂಶ ಕೊಡುವ ರ‍್ಯಾಪಿಡ್ ಟೆಸ್ಟ್) ಮಾಡಿಸಿದ್ದೆ’ ಅಂತೀರಾ? ಅದು ಹುಡುಕುವುದು ಪರಾವಲಂಬಿ ಬಿಡುವ ಪ್ರೋಟೀನನ್ನು. ಕೆಲವು ಫಾಲ್ಸಿಪಾರಮ್ ತಳಿಗಳಲ್ಲಿ ಆ ಪ್ರೋಟೀನಿನ ಜೀನೇ ಇಲ್ಲ. ಪೆರುವಿನ ಅಮೆಜಾನ್ ಭಾಗದಿಂದ 2010ರಲ್ಲೇ ಇದು ವರದಿಯಾಗಿದೆ. ‘ತಡೆ ಮಾತ್ರೆ ನುಂಗಿದ್ದೆ’ ಅಂದರೂ ಬಚಾವ್ ಅಲ್ಲ. ನಡುವೆ ಎರಡು ದಿನ ಮರೆತಿದ್ದರೆ ಸೋಂಕು ಬಂದಿರಬಹುದು, ಉಳಿದ ಮಾತ್ರೆ ಅದನ್ನು ಸ್ಲೈಡಿನಲ್ಲಿ ಕಾಣದಷ್ಟು ಅದುಮಿಟ್ಟಿರಬಹುದು. ಇನ್ನೊಂದು ಬಗೆಯ ಮಲೇರಿಯಾ ಪರಾವಲಂಬಿ ವೈವಾಕ್ಸ್ ಆದರೆ ತಿಂಗಳುಗಟ್ಟಲೆ ಲಿವರ್‌ನಲ್ಲಿ ಮಲಗಿದ್ದು ಆಮೇಲೆ ಎದ್ದು ಬರುತ್ತೆ. ಹಾಗಾಗಿ ಇವತ್ತೇ ಆಸ್ಪತ್ರೆಗೆ ಹೋಗಿ. ಫಾಲ್ಸಿಪಾರಮ್ ಆಗಿದ್ದರೆ ಒಂದು ದಿನದಲ್ಲೇ ಕೈಮೀರಬಹುದು.

ಮಲೇರಿಯಾ ಬಿಟ್ಟು ಉಳಿದ ಕಾಯಿಲೆಗಳದ್ದೆಲ್ಲ ಬಹುಪಾಲು ದಿನಾಂಕದ ಲೆಕ್ಕ. ಡೆಂಗಿ, ಸೊಳ್ಳೆ ಕಚ್ಚಿದ 14 ದಿನದೊಳಗೆ ಶುರುವಾಗುತ್ತೆ, ಜ್ವರ ಸಾಮಾನ್ಯವಾಗಿ ಒಂದು ವಾರ ದಾಟುವುದಿಲ್ಲ. ನಿಮ್ಮದು ಹತ್ತು ದಿನ ಆಗಿದೆ, ಹಾಗಾಗಿ ಬರೀ ಡೆಂಗಿ ಅನ್ನೋದು ಕಷ್ಟ. ಟೈಫಾಯ್ಡ್ ನಿಮ್ಮ ಲೆಕ್ಕಕ್ಕೆ ಹೊಂದುತ್ತೆ. ಅದಕ್ಕೆ ವಿಡಾಲ್ ಅನ್ನೋ ರಕ್ತಪರೀಕ್ಷೆ ಸಾಲದು, ಬ್ಲಡ್ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಬೇಕು, ಅದೂ ಆಂಟಿಬಯೋಟಿಕ್ ಶುರುಮಾಡುವ ಮೊದಲು. ಬಲಪಕ್ಕೆ ನೋಯುತ್ತಿದ್ದರೆ ಲಿವರ್‌ನಲ್ಲಿ ಅಮೀಬಾದಿಂದ ಕೀವುಗಟ್ಟಿದೆಯಾ ಅಂತ ಸ್ಕ್ಯಾನ್ ಮಾಡಿಸಬೇಕು.

ನೀವು ಕೇಳಿಲ್ಲ, ಆದರೂ ನಾನು ಕೇಳುತ್ತೇನೆ: ಅಲ್ಲೆಲ್ಲಾದರೂ ಕೆರೆ, ನದಿಗೆ ಇಳಿದಿದ್ದಿರಾ? ಸಮುದ್ರವಲ್ಲ, ಸಿಹಿನೀರು. ಆಫ್ರಿಕಾದ ಮಲಾವಿಯಂಥ ಸರೋವರಗಳಲ್ಲಿ ಬಸವನಹುಳುವಿನಿಂದ ಹೊರಬಂದ ಶಿಸ್ಟೊಸೋಮಾ ಅನ್ನೋ ಪರಾವಲಂಬಿ ಹುಳುವಿನ ಮರಿಗಳು ನೇರ ಚರ್ಮ ತೂರಿ ಒಳಗೆ ಹೋಗುತ್ತವೆ. ಕೆಲವು ವಾರ ಕಳೆದು ಜ್ವರ, ಕೆಮ್ಮು, ಮೈತುರಿಕೆ. ಇದಕ್ಕೆ ಕಟಯಾಮಾ ಜ್ವರ ಅಂತ ಹೆಸರು. ಸುಳಿವು ನಿಮ್ಮ ಕೈಯಲ್ಲಿರುವ ರಕ್ತದ ರಿಪೋರ್ಟಿನಲ್ಲೇ ಇರಬಹುದು. ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಅನ್ನೋ ಸಾಲು ನೋಡಿ, ಜಾಸ್ತಿ ಇದೆಯಾ? ಮಲದಲ್ಲಿ ಮೊಟ್ಟೆ ಹುಡುಕಿಸಿದರೆ ಇಲ್ಲೂ ನೆಗೆಟಿವ್ ಬರುವುದೇ ಜಾಸ್ತಿ, ಯಾಕೆಂದರೆ ಹುಳು ಇನ್ನೂ ಮೊಟ್ಟೆಯಿಡುವಷ್ಟು ಬೆಳೆದಿರುವುದಿಲ್ಲ. ನೀರಿಗಿಳಿದದ್ದು ಯಾವತ್ತು ಅಂತ ನೆನಪಿಲ್ಲದಿದ್ದರೆ ಫೋನಿನಲ್ಲಿರುವ ಫೋಟೋ ತೆಗೆದು ನೋಡಿ, ದಿನಾಂಕ ಅಲ್ಲೇ ಇರುತ್ತೆ.